ಪಾಯಿಂಟ್ ಲೇ ದಡದ ಜಾತ್ರೆ

ಅಲಾಸ್ಕದ ವಾಯವ್ಯ ಕರಾವಳಿ. ಆಗಸ್ಟ್ ಕಳೆಯುತ್ತ ಬಂದಿದೆ. ಒಂದು ಮಗ್ಗುಲಿಗೆ ಚುಕ್ಚಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಕಸೆಗಲುಕ್ ಹಿನ್ನೀರು, ನಡುವೆ ಉದ್ದಕ್ಕೂ ಚಾಚಿಕೊಂಡ ಮರಳು-ಜಲ್ಲಿಯ ದಿಬ್ಬ. ಮರವಿಲ್ಲ, ಪೊದೆಯಿಲ್ಲ. ದಿಬ್ಬದ ಅಂಚಿಗೆ ಕಂದುಗೆಂಪು ಪಟ್ಟಿಯೊಂದು ಕಾಣುತ್ತದೆ. ಆ ಪಟ್ಟಿ ಉಸಿರಾಡುತ್ತಿದೆ.

ಅವು ವಾಲ್ರಸ್‌ಗಳು. ಒಂದರ ಬೆನ್ನಿಗೆ ಇನ್ನೊಂದರ ತಲೆ, ಇನ್ನೊಂದರ ಹೊಟ್ಟೆಗೆ ಮತ್ತೊಂದರ ದಂತ. ತಣ್ಣೀರಿನಿಂದ ಈಗಷ್ಟೇ ಮೇಲೆದ್ದವು ಬಿಳಿಚಿಕೊಂಡಿವೆ. ದಡದಲ್ಲಿ ಬಿದ್ದುಕೊಂಡು ಬಹಳ ಹೊತ್ತಾದವಕ್ಕೆ ಚರ್ಮದಡಿ ರಕ್ತ ಹರಿದು ಮೈ ಕೆಂಪೇರಿದೆ. ಗೊರಕೆ, ಗದರಿಕೆ, ಜಾಗಕ್ಕಾಗಿ ತಿವಿದಾಟ. ಈ ದಟ್ಟಣೆಯ ನಡುವೆ ಮರಿಗಳು ದೊಡ್ಡವರ ಮೈಮೇಲೆಯೇ ಹತ್ತಿಳಿದು ತಾಯಿಯನ್ನು ಹುಡುಕುತ್ತವೆ. ನಮ್ಮೂರ ತೇರಿನ ದಿನದ ನೂಕುನುಗ್ಗಲನ್ನು ಕಂಡವರಿಗೆ ಈ ದೃಶ್ಯ ಅರ್ಥವಾದೀತು. 2014ರ ಸೆಪ್ಟೆಂಬರಿನಲ್ಲಿ ವಿಮಾನದಿಂದ ಅಂದಾಜಿಸಿದಾಗ ಇಲ್ಲಿ ಸುಮಾರು 35,000 ವಾಲ್ರಸ್‌ಗಳಿದ್ದವು. ಪಕ್ಕದ ಪಾಯಿಂಟ್ ಲೇ ಊರಿನ ಜನಸಂಖ್ಯೆ ಮುನ್ನೂರರ ಆಸುಪಾಸು.

ನೋಡಲು ವೈಭವ, ನಿಜದಲ್ಲಿ ಇದು ನಿರಾಶ್ರಿತರ ಗುಂಪು.

ತಾಯಿ-ಮರಿಗಳು ಬೇಸಿಗೆ ಕಳೆಯಬೇಕಾದದ್ದು ದಡದಲ್ಲಲ್ಲ, ತೇಲುವ ಮಂಜುಗಡ್ಡೆಯ ಮೇಲೆ. ತಾಯಿ ಮರಿಯನ್ನು ಗಡ್ಡೆಯ ಮೇಲೆ ಬಿಟ್ಟು ಮುಳುಗುತ್ತಾಳೆ, ಕತ್ತಲ ತಳದ ಕೆಸರನ್ನು ಮೀಸೆಯಿಂದ ತಡವಿ ಕಪ್ಪೆಚಿಪ್ಪುಗಳನ್ನು ಹುಡುಕುತ್ತಾಳೆ, ಚಿಪ್ಪಿನೊಳಗಿನ ಮಾಂಸವನ್ನು ಹೀರಿಕೊಂಡು ಮೇಲೇರುತ್ತಾಳೆ. ಅಷ್ಟರಲ್ಲಿ ಗಡ್ಡೆ ಒಂದಿಷ್ಟು ಮುಂದೆ ತೇಲಿರುತ್ತದೆ. ಕೆಳಗೆ ಹೊಸ ಮೇವು. ಕಡಲು ಆಳವಿಲ್ಲದ ಕಡೆ ಮಾತ್ರ ಈ ಬಾಳು ನಡೆದೀತು. ಈಗ ಬೇಸಿಗೆಯ ಕೊನೆಗೆ ಮಂಜುಗಡ್ಡೆ ಉತ್ತರಕ್ಕೆ ಸರಿದು, ಸಾವಿರಾರು ಮೀಟರ್ ಆಳದ ನೀರಿನ ಮೇಲೆ ನಿಲ್ಲುತ್ತದೆ. ಅಲ್ಲಿ ವಿಶ್ರಾಂತಿಗೆ ಜಾಗವುಂಟು, ತಳ ಮುಟ್ಟುವಂತಿಲ್ಲ. ಹಾಗಾಗಿ 2007ರಿಂದೀಚೆಗೆ ಬಹುಪಾಲು ವರ್ಷ ಅವು ಅಲಾಸ್ಕದ ಈ ದಡಕ್ಕೆ ಬರುತ್ತಿವೆ. ಹತ್ತಿರದ ಮೇವು ಸಾಲದೆ ನೂರಾರು ಕಿಲೋಮೀಟರ್ ಈಜಿ ಉಂಡು ಬರುವವೂ ಇವೆ.

ಹಸಿವಿಗಿಂತ ಬೇಗ ಕೊಲ್ಲುವುದು ಗಾಬರಿ. ಕರಡಿಯ ವಾಸನೆ, ದೋಣಿಯ ಎಂಜಿನ್, ತಗ್ಗಿನಲ್ಲಿ ಹಾರಿದ ವಿಮಾನ, ಯಾವುದಾದರೂ ಸಾಕು. ಟನ್ ತೂಗುವ ಮೈಗಳು ಒಟ್ಟಿಗೆ ನೀರಿಗೆ ನುಗ್ಗುತ್ತವೆ. ಮರಿಗಳು ಅಡಿಗೆ ಸಿಗುತ್ತವೆ. 2009ರಲ್ಲಿ ಐಸಿ ಕೇಪ್ ಬಳಿ 131 ವಾಲ್ರಸ್‌ಗಳು ಸತ್ತು ಬಿದ್ದಿದ್ದವು, ಹೆಚ್ಚಿನವು ಎಳೆಯವು. ಕಾಲ್ತುಳಿತವೇ ಕಾರಣವೆಂದು ಕಂಡುಬಂತು. ಹೆಣ್ಣು ಹದಿನೈದು ತಿಂಗಳು ಬಸಿರು ಹೊತ್ತು ಹೆರುವುದು ಒಂದೇ ಮರಿಯನ್ನು. ಎಂದಮೇಲೆ ಆ ಲೆಕ್ಕ ಸಣ್ಣದಲ್ಲ.

ಪಾಯಿಂಟ್ ಲೇಯ ಇನ್ಯುಪಿಯಾಕ್ ಜನ ವಾಲ್ರಸ್ ಬೇಟೆಯಾಡಿ ಉಂಡು ಬಂದವರು. ಕಾನೂನೂ ಅವರ ಹೊಟ್ಟೆಪಾಡಿನ ಬೇಟೆಗೆ ಅವಕಾಶ ಕೊಟ್ಟಿದೆ. ಹಿಂಡು ದಡದಲ್ಲಿರುವಾಗ ಅದರ ತಂಟೆಗೆ ಹೋಗದಂತೆ ನೋಡಿಕೊಳ್ಳುವವರೂ ಅವರೇ. ವಿಮಾನಗಳು ದೂರ ಹಾರಲಿ, ಪತ್ರಕರ್ತರು, ಪ್ರವಾಸಿಗರು ಬರದಿರಲಿ ಎಂದು ಊರು ಬಹಿರಂಗವಾಗಿ ಕೇಳಿಕೊಂಡಿದೆ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಸಂಯಮ. ಮೀನಿನ ವಿಷಯದಲ್ಲೂ ಉತ್ತರ ಧ್ರುವದ ಕಡಲು ಇಂಥ ವಿವೇಕವನ್ನು ಕಂಡಿದೆ: 2018ರಲ್ಲಿ ಸಹಿಯಾಗಿ 2021ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ನಡು ಆರ್ಕ್ಟಿಕ್ ಸಾಗರದಲ್ಲಿ ಮೊದಲ ಹದಿನಾರು ವರ್ಷ ವಾಣಿಜ್ಯ ಮೀನುಗಾರಿಕೆ ಇಲ್ಲ. ಬಲೆ ಬೀಳುವ ಮುನ್ನವೇ ಬಂದ ನಿಯಮ, ಅಪರೂಪದ್ದು.

ಸರ್ಕಾರದ ನಡೆ ಮಾತ್ರ ತೂಗುಯ್ಯಾಲೆ. ವಾಲ್ರಸ್‌ಗೆ ಅಳಿವಿನಂಚಿನ ಜೀವಿಗಳ ಕಾನೂನಿನ ರಕ್ಷಣೆ ತಕ್ಕದ್ದೆಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ 2011ರಲ್ಲಿ ಒಪ್ಪಿತು, ಆದರೆ ಸರದಿಯಲ್ಲಿ ನಿಲ್ಲಿಸಿತು. 2017ರಲ್ಲಿ, ಅಗತ್ಯವಿಲ್ಲ ಎಂದಿತು. ಈ ತಿರುವಿಗೆ ಕೊಟ್ಟ ವಿವರಣೆ ಸಾಲದೆಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮುನ್ನೂರು ಜನರ ಊರು ತನ್ನ ಕೈಲಾದುದನ್ನು ಮಾಡಿದೆ. ಮಂಜುಗಡ್ಡೆ ಉಳಿಸುವುದು ಆ ಊರಿನ ಕೈಯಲ್ಲಿಲ್ಲ. ಅದು ಕಲ್ಲಿದ್ದಲು, ಎಣ್ಣೆ ಸುಡುವ ದೊಡ್ಡ ದೇಶಗಳ ಪಾಲಿನ ಕೆಲಸ.