ಬಸುರಿಯರು ಕಾಫಿಯನ್ನು ಎಷ್ಟು ಕುಡಿಯಬಹುದು?

ಮಲೆನಾಡಿನ ಒಂದು ಊರಿನಲ್ಲಿ ಕಾಫಿ ತೋಟದ ಗೊಬ್ಬರ ನಿರ್ವಹಣೆಯ ಬಗ್ಗೆ ಒಂದು ದಿನದ ತರಬೇತಿ ಶಿಬಿರವಿತ್ತು. ಮಣ್ಣು ಪರೀಕ್ಷೆ, ಸುಣ್ಣ ಹಾಕುವ ಕ್ರಮ ಎಲ್ಲ ಮುಗಿದು ಕಾಫಿ ಲೋಟಗಳು ಕೈಗೆ ಬಂದಾಗ ಹಿರಿಯ ಬೆಳೆಗಾರರೊಬ್ಬರು ಹತ್ತಿರ ಬಂದು, "ಸಾರ್, ನಮ್ಮ ಸೊಸೆಗೆ ಈಗ ಐದು ತಿಂಗಳು. ಕಾಫಿ ಬಿಟ್ಟುಬಿಡು ಅಂತ ನರ್ಸಮ್ಮ ಹೇಳಿ ಹೋಗಿದ್ದಾರೆ. ನಮ್ಮ ತಾಯಿ ಏಳು ಮಕ್ಕಳನ್ನು ಹೆತ್ತವರು, ಕಾಫಿ ಕುಡಿದೇ ಹೆತ್ತೆ ಅಂತಾರೆ. ಮನೆಯಲ್ಲಿ ದಿನಾ ಇದೇ ಮಾತು. ಯಾರ ಮಾತು ಸರಿ?" ಎಂದು ಕೇಳಿದರು.

ಬೇಸಾಯಶಾಸ್ತ್ರ ಕಲಿಸುವ ನನ್ನಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲ. ತಿಳಿದು ಹೇಳುತ್ತೇನೆಂದು ಬಂದೆ. ಗೃಹವಿಜ್ಞಾನದ ಸಹೋದ್ಯೋಗಿಗಳನ್ನೂ ಪರಿಚಯದ ವೈದ್ಯರನ್ನೂ ಕೇಳಿ, ಪ್ರಕಟವಾದ ವರದಿಗಳನ್ನು ಓದಿದ ಮೇಲೆ ತಿಳಿದುದನ್ನು ಇಲ್ಲಿ ಬರೆದಿದ್ದೇನೆ. ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲನ್ನು ಬೆಳೆಯುವ ನಾಡು ನಮ್ಮದು. ನಾವೇ ಬೆಳೆದ ಬೆಳೆಯಲ್ಲಿ ಏನಿದೆ ಎಂಬುದು ನಮಗೆ ತಿಳಿದಿರಬೇಕು.

ಕೆಫೀನ್ ಎಂಬ ವಸ್ತು

ಕಾಫಿ ಕುಡಿದಾಗ ನಿದ್ದೆ ದೂರವಾಗಿ ಮೈ ಚುರುಕಾಗುವುದು ಕೆಫೀನ್ ಎಂಬ ರಾಸಾಯನಿಕದಿಂದ. ಜರ್ಮನಿಯ ರೂಂಗೆ ಎಂಬ ವಿಜ್ಞಾನಿ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದನು. ಚಹದಲ್ಲಿಯೂ ಇದೇ ವಸ್ತುವಿದೆ. ಚಹ ಕುಡಿದರೆ ಕೆಫೀನ್ ಸೇರುವುದಿಲ್ಲವೆಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಕೋಲಾ ಪಾನೀಯಗಳಲ್ಲಿಯೂ ಸ್ವಲ್ಪ ಇದೆ. ಪೇಟೆಯಲ್ಲಿ ಶಕ್ತಿವರ್ಧಕವೆಂದು ಮಾರುವ ಡಬ್ಬಿ ಪಾನೀಯಗಳಲ್ಲಿ ಲೀಟರಿಗೆ 300 ಮಿ.ಗ್ರಾಂ. ವರೆಗೆ ಇರಬಹುದು. ಅವು ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಸಲ್ಲವೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ.

ನಾವು ಕುಡಿದ ಕೆಫೀನನ್ನು ಯಕೃತ್ತು ನಿಧಾನವಾಗಿ ಒಡೆದು ಹೊರಹಾಕುತ್ತದೆ. ಸಾಮಾನ್ಯ ಆರೋಗ್ಯದ ವಯಸ್ಕರಲ್ಲಿ ಕುಡಿದುದರ ಅರ್ಧ ಭಾಗ ಸುಮಾರು 5 ಗಂಟೆಗಳಲ್ಲಿ ಕಳೆದುಹೋಗುತ್ತದೆ. ಗರ್ಭಿಣಿಯಲ್ಲಿ ಈ ಕೆಲಸ ತಿಂಗಳು ತುಂಬಿದಂತೆ ನಿಧಾನವಾಗುತ್ತ ಹೋಗಿ, ಕೊನೆಯ ಮೂರು ತಿಂಗಳಲ್ಲಿ ಅದೇ ಅರ್ಧ ಕಳೆಯಲು 15 ಗಂಟೆಯಷ್ಟು ಬೇಕಾಗಬಹುದು. ಬೆಳಿಗ್ಗೆ ಕುಡಿದ ಲೋಟದ ಅಂಶ ಇಳಿಯುವ ಮೊದಲೇ ಸಂಜೆಯ ಲೋಟದ್ದು ಬಂದು ಸೇರುತ್ತದೆ. ನೀರು ಬಸಿಯದ ಗದ್ದೆಗೆ ಮತ್ತೆ ಮತ್ತೆ ನೀರು ಬಿಟ್ಟ ಹಾಗೆ. ಇದಲ್ಲದೆ ಕೆಫೀನ್ ಮಾಸನ್ನು ದಾಟಿ ಸಲೀಸಾಗಿ ಮಗುವಿನ ರಕ್ತಕ್ಕೆ ಹೋಗುತ್ತದೆ. ಅದನ್ನು ಒಡೆಯುವ ಶಕ್ತಿ ಗರ್ಭದಲ್ಲಿರುವ ಮಗುವಿಗೆ ಇನ್ನೂ ಬಂದಿರುವುದಿಲ್ಲ. ತಾಯಿಯ ಕಾಫಿಯಲ್ಲಿ ಮಗುವಿಗೂ ಪಾಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಆ ಪಾಲಿನಿಂದ ಕೆಡಕೆಷ್ಟು ಎಂಬುದೇ ಪ್ರಶ್ನೆ.

ಪ್ರಯೋಗಗಳು ಏನು ಹೇಳುತ್ತವೆ?

ಇಲಿಗಳಿಗೆ ಬಹಳ ಹೆಚ್ಚಿನ ಪ್ರಮಾಣದ ಕೆಫೀನ್ ಕೊಟ್ಟಾಗ ಮರಿಗಳಲ್ಲಿ ದೋಷ ಕಂಡುದರಿಂದ, ಅಮೆರಿಕದ ಸರ್ಕಾರಿ ಇಲಾಖೆ 1980ರಲ್ಲಿಯೇ ಬಸುರಿಯರಿಗೆ ಎಚ್ಚರಿಕೆ ನೀಡಿತ್ತು. ಅಲ್ಲಿಂದ ಈಚೆಗೆ ಮನುಷ್ಯರ ಮೇಲೆಯೇ ಅನೇಕ ಸಮೀಕ್ಷೆಗಳು ನಡೆದಿವೆ. ಬ್ರಿಟನ್ನಿನಲ್ಲಿ 2,635 ಗರ್ಭಿಣಿಯರನ್ನು ಅನುಸರಿಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದಿನಕ್ಕೆ 200 ಮಿ.ಗ್ರಾಂ. ಮೀರಿ ಕೆಫೀನ್ ಸೇವಿಸಿದವರ ಮಕ್ಕಳ ಹುಟ್ಟು ತೂಕ 60ರಿಂದ 70 ಗ್ರಾಂ ಕಡಿಮೆಯಿತ್ತು. ಮೂರು ಕಿಲೋ ತೂಗುವ ಮಗುವಿಗೆ ಇದು ದೊಡ್ಡ ನಷ್ಟವಲ್ಲ. ಆದರೆ ಎರಡೂಕಾಲು ಕಿಲೋ ತೂಕದ ಮಗುವಿನ ಪಾಲಿಗೆ ಅಷ್ಟೂ ಮುಖ್ಯವೇ. ನಮ್ಮ ಹಳ್ಳಿಗಳಲ್ಲಿ ಅಂಥ ಮಕ್ಕಳು ಅಪರೂಪವಲ್ಲ.

ಇಂಥ ಸಮೀಕ್ಷೆಗಳನ್ನು ಓದುವಾಗ ಬೇಸಾಯಶಾಸ್ತ್ರದವನಿಗೆ ಒಂದು ಶಂಕೆ ಬರುವುದು ಸಹಜ. ಊರಿನಲ್ಲಿ ಹೆಚ್ಚು ಗೊಬ್ಬರ ಹಾಕುವವನು ಸಾಮಾನ್ಯವಾಗಿ ನೀರಾವರಿ ಇರುವವನೇ. ಅವನ ಇಳುವರಿ ಹೆಚ್ಚಿದ್ದರೆ ಗೊಬ್ಬರದಿಂದಲೋ ನೀರಿನಿಂದಲೋ ಹೇಳುವುದು ಹೇಗೆ? ಅದಕ್ಕಾಗಿಯೇ ನಾವು ತಾಕುಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಕಾಫಿಯ ವಿಷಯದಲ್ಲಿಯೂ ಇದೇ ತೊಡಕು. ಗರ್ಭ ಚೆನ್ನಾಗಿ ನಿಂತವರಿಗೆ ಮೊದಲ ತಿಂಗಳುಗಳಲ್ಲಿ ವಾಕರಿಕೆ ಹೆಚ್ಚು, ಅವರಿಗೆ ಕಾಫಿಯ ವಾಸನೆಯೇ ಆಗದು. ಗರ್ಭ ದುರ್ಬಲವಾಗಿರುವವರಲ್ಲಿ ವಾಕರಿಕೆ ಕಡಿಮೆಯಿದ್ದು ಕಾಫಿ ಎಂದಿನಂತೆ ನಡೆಯುತ್ತದೆ. ಮುಂದೆ ಗರ್ಭ ಇಳಿದುಹೋದರೆ ಅಪವಾದ ಕಾಫಿಯ ಮೇಲೆ ಬರುತ್ತದೆ.

ಚೀಟಿ ಎತ್ತಿ ಹಂಚಿದ ಪ್ರಯೋಗವೊಂದು ಡೆನ್ಮಾರ್ಕಿನಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಲೋಟ ಅಥವಾ ಹೆಚ್ಚು ಕಾಫಿ ಕುಡಿಯುವ 1,207 ಬಸುರಿಯರಲ್ಲಿ ಕೆಲವರಿಗೆ ಕೆಫೀನ್ ಇರುವ, ಕೆಲವರಿಗೆ ಕೆಫೀನ್ ತೆಗೆದ ದಿಢೀರ್ ಕಾಫಿ ಪುಡಿಯನ್ನು ಕೊಟ್ಟರು. ಮಕ್ಕಳ ತೂಕದಲ್ಲಾಗಲಿ ಹೆರಿಗೆಯ ಅವಧಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಕಾಫಿಪ್ರಿಯರು ಸಂತೋಷಪಡಬಹುದು. ಆದರೆ ಆ ಪ್ರಯೋಗ ಬಸುರಿನ ದ್ವಿತೀಯಾರ್ಧಕ್ಕೆ ಸಂಬಂಧಿಸಿದ್ದು. ಮೊದಲ ತಿಂಗಳುಗಳ ವಿಷಯವಾಗಿಯಾಗಲಿ, ವಿಪರೀತ ಕುಡಿಯುವವರ ವಿಷಯವಾಗಿಯಾಗಲಿ ಅದು ಏನನ್ನೂ ಹೇಳುವುದಿಲ್ಲ.

ಈ ಕಾರಣದಿಂದ ತಜ್ಞರು ಪೂರ್ತಿ ಬಿಡಿರೆನ್ನದೆ ಒಂದು ಮಿತಿಯನ್ನು ಹಾಕಿದ್ದಾರೆ. ಬ್ರಿಟನ್ನಿನಲ್ಲಿ 2008ರಿಂದಲೂ, ಅಮೆರಿಕದ ಪ್ರಸೂತಿ ತಜ್ಞರ ಸಂಘದವರು 2010ರಿಂದಲೂ ದಿನಕ್ಕೆ 200 ಮಿ.ಗ್ರಾಂ. ಮಿತಿಯನ್ನು ಹೇಳುತ್ತ ಬಂದಿದ್ದಾರೆ. 300 ಮಿ.ಗ್ರಾಂ. ಮೀರಿ ಸೇವಿಸುವ ಬಸುರಿಯರು ಅದನ್ನು ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಮಾಡಿತು. ಗರ್ಭ ನಷ್ಟವಾಗುವ ಮತ್ತು ಮಗು ಕಡಿಮೆ ತೂಕದ್ದಾಗುವ ಅಪಾಯವನ್ನು ತಗ್ಗಿಸುವುದು ಇದರ ಉದ್ದೇಶ. ಸಂದೇಹವಿರುವಲ್ಲಿ ಕೆಳಗಿನ ಅಂಕಿಯನ್ನೇ ಹಿಡಿಯುವುದು ಮೇಲೆಂದು ನನ್ನ ಅಭಿಪ್ರಾಯ.

ಮನೆಯ ಲೆಕ್ಕ

200 ಮಿ.ಗ್ರಾಂ. ಎಂದರೆ ಎಷ್ಟು ಲೋಟ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ 150 ಮಿ.ಲೀ. ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ., ದಿಢೀರ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ., ಚಹದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಲೋಟದ ಅಳತೆಯೂ ಒಂದಲ್ಲ, ಡಿಕಾಕ್ಷನ್ನಿನ ಹದವೂ ಒಂದಲ್ಲ. ಲೋಟ ಎಣಿಸುವ ಬದಲು ಪುಡಿಯನ್ನು ತೂಗಿ ಲೆಕ್ಕ ಹಾಕುವುದು ಒಳ್ಳೆಯದು. ಯೂರಿಯಾ 100 ಕಿಲೋ ಹಾಕಿದರೆ ಬೆಳೆಗೆ ಕೊಟ್ಟ ಸಾರಜನಕ 46 ಕಿಲೋ ಎಂದು ನಾವು ಲೆಕ್ಕ ಹಾಕುವುದಿಲ್ಲವೇ? ಇದೂ ಹಾಗೆಯೇ.

ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡ 1.2ರಷ್ಟು, ರೊಬಸ್ಟಾದಲ್ಲಿ ಸುಮಾರು ಶೇಕಡ 2.2ರಷ್ಟು. ಹುರಿಯುವುದರಿಂದ ಇದು ಹೆಚ್ಚೇನೂ ನಷ್ಟವಾಗುವುದಿಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅಂಗಡಿಯಿಂದ ತಂದ ಮಿಶ್ರಣವಾದರೆ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರುತ್ತದೆ, ನೋಡಿಕೊಳ್ಳಬೇಕು. ಕೆಫೀನ್ ಬಿಸಿನೀರಿನಲ್ಲಿ ಬೇಗ ಕರಗುವುದರಿಂದ ಅದರ ಹೆಚ್ಚಿನ ಭಾಗ ಮೊದಲ ಡಿಕಾಕ್ಷನ್ನಿನಲ್ಲಿಯೇ ಇಳಿದುಬಿಡುತ್ತದೆ. ಹಾಲು ಹೆಚ್ಚಿಸಿದರೆ ಬಣ್ಣ ತಿಳಿಯಾಗುವುದೇ ಹೊರತು, ಹಾಕಿದ ಡಿಕಾಕ್ಷನ್ ಅಷ್ಟೇ ಇದ್ದರೆ ಕೆಫೀನೂ ಅಷ್ಟೇ.

ನನ್ನನ್ನು ಪ್ರಶ್ನಿಸಿದ ಬೆಳೆಗಾರರ ಮನೆಯ ಲೆಕ್ಕವನ್ನೇ ನೋಡೋಣ. ಸ್ವಂತ ತೋಟದ ರೊಬಸ್ಟಾ, ಮನೆಯಲ್ಲೇ ಹುರಿದು ಪುಡಿ ಮಾಡಿದ್ದು, ಚಿಕೋರಿ ಬೆರೆಸುವ ಪದ್ಧತಿಯಿಲ್ಲ. ನಾಲ್ಕು ಜನಕ್ಕೆ ತಿಂಗಳಿಗೆ ಒಂದೂವರೆ ಕಿಲೋ. ದಿನಕ್ಕೆ 50 ಗ್ರಾಂ, ತಲೆಗೆ ಹನ್ನೆರಡೂವರೆ ಗ್ರಾಂ. ಅದರಲ್ಲಿ ಕೆಫೀನ್ ಸುಮಾರು 275 ಮಿ.ಗ್ರಾಂ. ಎಲ್ಲವೂ ಲೋಟಕ್ಕೆ ಇಳಿಯದಿದ್ದರೂ 200ನ್ನು ಮೀರುವುದು ಖಂಡಿತ. ಅದೇ ತೂಕದ ಅರೇಬಿಕಾ ಪುಡಿಯಾಗಿದ್ದರೆ 150 ಮಿ.ಗ್ರಾಂ. ಮಾತ್ರ ಆಗುತ್ತಿತ್ತು. ನರ್ಸಮ್ಮ ಹೇಳಿದುದು ಆ ಮನೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ಪೂರ್ತಿ ಬಿಡುವ ಅಗತ್ಯವಿರಲಿಲ್ಲ, ಅರ್ಧಕ್ಕೆ ಇಳಿಸಿದರೆ ಸಾಕಾಗಿತ್ತು. ಅಜ್ಜಿಯವರ ಮಾತನ್ನೂ ಸುಳ್ಳೆನ್ನುವಂತಿಲ್ಲ. ಆದರೆ ಅವರು ಆ ಕಾಲದಲ್ಲಿ ದಿನಕ್ಕೆ ಎಷ್ಟು ಪುಡಿಯ ಕಾಫಿ ಕುಡಿಯುತ್ತಿದ್ದರೆಂದು ತೂಗಿದವರಿಲ್ಲ.

ಇಳಿಸುವಾಗ ಒಮ್ಮೆಲೇ ನಿಲ್ಲಿಸಬಾರದು. ರೂಢಿಯಾದವರಿಗೆ ಎರಡು ಮೂರು ದಿನ ತಲೆನೋವು, ಜಡತೆ ಕಾಡುತ್ತದೆ. ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕು. ಆ ತಲೆನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಕೂಡದು. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನೇ ಇರುತ್ತದೆ, ಮತ್ತೆ ಕೆಲವು ಬಸುರಿಯರಿಗೆ ಆಗದಂಥವು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ರಕ್ತಹೀನತೆಯ ಮಾತು

ನನ್ನ ದೃಷ್ಟಿಯಲ್ಲಿ ನಮ್ಮ ಕಡೆಯ ಹೆಂಗಸರಿಗೆ ಕೆಫೀನಿಗಿಂತ ದೊಡ್ಡ ತೊಂದರೆ ಬೇರೊಂದಿದೆ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಕಾಫಿ ಮತ್ತು ಚಹದಲ್ಲಿರುವ ಒಗರಿನ ಅಂಶಗಳು ಆಹಾರದ ಕಬ್ಬಿಣವನ್ನು ಹಿಡಿದುಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇಕಡ 39ರಷ್ಟು, ಚಹ ಕುಡಿದಾಗ ಶೇಕಡ 64ರಷ್ಟು ತಗ್ಗಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆ ಕಾಣಲಿಲ್ಲ. ಆದರೆ ಒಂದು ಗಂಟೆ ನಂತರ ಕುಡಿದಾಗ, ಜೊತೆಯಲ್ಲಿ ಕುಡಿದಷ್ಟೇ ನಷ್ಟವಾಯಿತು. ಊಟದ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಕಾಫಿ, ಚಹ ಬೇಡವೆಂದು ಪೋಷಣಾ ಸಂಸ್ಥೆ ಹೇಳುತ್ತದೆ. ಊಟದ ನಂತರ ಎರಡು ಗಂಟೆ ಬಿಡುವುದು ಇನ್ನೂ ಕ್ಷೇಮ.

ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣವಿರುತ್ತದೆ. ಅದನ್ನು 180 ದಿನ ನುಂಗಬೇಕು. ತೋಟದ ಲೈನುಗಳಲ್ಲಿ ನಾನು ಕಂಡಂತೆ ಅನೇಕ ಹೆಂಗಸರು, ನೆನಪಿಗೆ ಸುಲಭವೆಂದು, ಅದನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಾರೆ. ಮಾತ್ರೆಯನ್ನು ನೀರಿನಲ್ಲಿ, ಸಾಧ್ಯವಾದರೆ ನಿಂಬೆಹಣ್ಣಿನ ಪಾನಕದಲ್ಲಿ ತೆಗೆದುಕೊಳ್ಳಬೇಕು. ನಿಂಬೆ, ನೆಲ್ಲಿಗಳ ಹುಳಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಸುಣ್ಣದಂಶದ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗಬಾರದು.

ಹಣ್ಣು ಕೊಯ್ಲಿನ ಕಾಲದಲ್ಲಿ ಕೂಲಿ ಹೆಂಗಸರು ಮುಂಜಾನೆ ಬರಿಹೊಟ್ಟೆಗೆ ಬೆಲ್ಲದ ಕರಿ ಕಾಫಿ ಕುಡಿದು ತೋಟಕ್ಕೆ ಇಳಿಯುತ್ತಾರೆ. ಹತ್ತು ಗಂಟೆಗೆ ಹಸಿವಾದರೆ ಮತ್ತೊಂದು ಲೋಟ. ಇಲ್ಲಿ ಕಾಫಿ ತಿಂಡಿಯ ಜಾಗವನ್ನು ಹಿಡಿದಿದೆ. ಅವರಲ್ಲಿ ಬಸುರಿಯಿದ್ದರೆ, ಕಾಫಿ ಬಿಡು ಎನ್ನುವುದರಿಂದ ಏನೂ ಆಗದು. ಆ ಹೊತ್ತಿಗೆ ರಾಗಿ ಅಂಬಲಿಯೋ ರೊಟ್ಟಿಯೋ ಸಿಗುವಂತೆ ತೋಟದ ಯಜಮಾನರು ನೋಡಿಕೊಳ್ಳಬೇಕು. ಮಧ್ಯಾಹ್ನದ ಬಿಸಿಯೂಟ ಅಂಗನವಾಡಿಯಲ್ಲಿ ಬಸುರಿಯರಿಗೆ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಸೇರಿದೆ. ಆದರೆ ಕೊಯ್ಲಿನ ನಡುವೆ ಒಂದು ಗಂಟೆ ಬಿಡುವು ಕೊಟ್ಟು ಕಳುಹಿಸಿದರೆ ಮಾತ್ರ ಅವರು ಹೋಗಲಾದೀತು. ವಿಸ್ತರಣಾ ಕಾರ್ಯಕರ್ತರು ಕೊಯ್ಲಿನ ಸಿದ್ಧತೆಯ ಸಭೆಗಳಲ್ಲಿ ಈ ಮಾತನ್ನೂ ಬೆಳೆಗಾರರ ಮುಂದಿಡಬಹುದು.