ನಿಮ್ಮ ಕಂಪನಿಯ ಆಡಿಟರ್ ಯಾರು? ಕೈ ಎತ್ತುವ ಮುನ್ನ ತಿಳಿದಿರಿ



ಮುಂಗಾರಿನ ಪೈರಿಗೆ ಮೇಲುಗೊಬ್ಬರ ಕೊಟ್ಟು, ಕಳೆ ತೆಗೆದು, ತುಸು ಉಸಿರು ಬಿಡುವ ಹೊತ್ತಿಗೆ ರೈತ ಉತ್ಪಾದಕ ಕಂಪನಿಯ ಸದಸ್ಯರ ಮನೆಗೆ ಒಂದು ಲಕೋಟೆ ಬರುತ್ತದೆ. ಅದು ವಾರ್ಷಿಕ ಮಹಾಸಭೆಯ ನೋಟೀಸು. ಬಹಳ ಮಂದಿ ಸಭೆ ಯಾವತ್ತು, ಎಲ್ಲಿ ಎಂದು ನೋಡಿ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಡುತ್ತಾರೆ. ಅದರಲ್ಲಿ ಕೆಲವು ವರ್ಷ ‘ಲೆಕ್ಕ ಪರಿಶೋಧಕರ ನೇಮಕ ಮತ್ತು ಸಂಭಾವನೆ ನಿಗದಿ’ ಎಂಬ ಒಂದು ಸಾಲು ಇರುತ್ತದೆ. ಈ ವಾರ ಆ ಒಂದು ಸಾಲಿನ ವಿಚಾರ ತಿಳಿಯೋಣ.

ಬೀಜ, ಗೊಬ್ಬರ, ರೋಗ, ಕೀಟದ ಬಗ್ಗೆ ಬರೆಯುವ ಕೃಷಿ ಅಧಿಕಾರಿಗೆ ಆಡಿಟರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಹೋಬಳಿಯಲ್ಲಿ ರೈತರು ಒಂದು ಕಂಪನಿ ಕಟ್ಟಿದರು. ಮೊದಲ ಮಹಾಸಭೆಗೆ ನನ್ನನ್ನೂ ಕರೆದಿದ್ದರು. ಆಡಿಟರ್ ವಿಷಯ ಬರುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಕಂಪನಿಯ ಲೆಕ್ಕ ಬರೆದುಕೊಡುತ್ತಿದ್ದವರೇ “ಆಡಿಟನ್ನೂ ನಾನೇ ಮಾಡಿಕೊಡುತ್ತೇನೆ, ಫೀಸು ಕಡಿಮೆ ಸಾಕು” ಎಂದರು. “ಖರ್ಚು ಉಳಿಯುತ್ತದಲ್ಲ, ಆಗಲಿ ಬಿಡಿ” ಎಂದವನು ನಾನೇ. ಎಲ್ಲರೂ ಕೈ ಎತ್ತಿದರು. ಮೂರನೆಯ ವರ್ಷ ನೋಡಿದರೆ ಗೊಬ್ಬರವನ್ನು ಸಾಲದ ಮೇಲೆ ಮಾರಿದ ಬಾಕಿ ಬೆಟ್ಟದಷ್ಟಾಗಿತ್ತು. ಯಾರಿಂದ ಎಷ್ಟು ಬರಬೇಕು ಎಂಬ ವಿವರ ಆಡಿಟ್ ವರದಿಯಲ್ಲಿ ಇರಲೇ ಇಲ್ಲ. ಬಾಕಿದಾರರಲ್ಲಿ ನಿರ್ದೇಶಕರೂ ಇದ್ದರು. ಹಿರಿಯ ರೈತರೊಬ್ಬರು ಕಚೇರಿಗೆ ಬಂದು, “ನೀವು ಹೇಳಿದಿರಿ ಅಂತ ಕೈ ಎತ್ತಿದೆ ಸ್ವಾಮಿ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕಾನೂನಿನ ಈ ಭಾಗವನ್ನು ನಾನು ಕುಳಿತು ಓದಿದ್ದು ಆಮೇಲೆ.

ಆಡಿಟರ್ ಯಾರ ಆಳು?

ರೈತರು ತಮ್ಮದೇ ಕಂಪನಿ ಕಟ್ಟಿಕೊಳ್ಳುವ ಅವಕಾಶ ಕಾನೂನಿನಲ್ಲಿ ಬಂದದ್ದು 2003ರಲ್ಲಿ. ಈಗ ಅದರ ನಿಯಮಗಳು 2013ರ ಕಂಪನಿ ಕಾಯ್ದೆಯ 21ಎ ಅಧ್ಯಾಯದಲ್ಲಿವೆ. ಈ ಅಧ್ಯಾಯ 2021ರ ಫೆಬ್ರವರಿ 11ರಿಂದ ಜಾರಿಯಲ್ಲಿದೆ. ಆಡಿಟರ ನೇಮಕ, ಸಂಭಾವನೆ, ಅಧಿಕಾರಗಳ ವಿಚಾರ ಅದೇ ಕಾಯ್ದೆಯ 139ರಿಂದ 147ನೇ ಕಲಮುಗಳಲ್ಲಿದೆ. ಸಹಕಾರ ಸಂಘಗಳಿಗೆ 1959ರ ಬೇರೆಯೇ ಕಾಯ್ದೆ ಇದೆ. ಆ ಪದ್ಧತಿಯನ್ನು ಇಲ್ಲಿ ಬೆರೆಸಬಾರದು.

ಒಂದು ಮಾತು ಚೆನ್ನಾಗಿ ನೆನಪಿರಲಿ. ಆಡಿಟರು ಅಧ್ಯಕ್ಷರ ಆಳಲ್ಲ, ಸಿ.ಇ.ಓ. ಆಳೂ ಅಲ್ಲ. ಅವರು ವರದಿ ಕೊಡಬೇಕಾದದ್ದು ಸದಸ್ಯರಿಗೆ. ನೀವು ಸಾವಿರ ರೂಪಾಯಿ ಷೇರು ಹಣ ಕಟ್ಟಿ ಹೊಲಕ್ಕೆ ಹೋಗುತ್ತೀರಿ. ದಿನವಹಿ, ಓಚರು, ದಾಸ್ತಾನು ಪುಸ್ತಕಗಳನ್ನು ದಿನವೂ ನೋಡಲು ನಿಮಗೆ ಬಿಡುವಿಲ್ಲ. ನಿಮ್ಮ ಪರವಾಗಿ ಅವನ್ನು ತೆರೆದು ನೋಡಿ, ಸರಿಯೋ ತಪ್ಪೋ ಎಂದು ಬರೆದು ಹೇಳುವವರೇ ಆಡಿಟರು. ಕಂಪನಿಯ ಯಾವುದೇ ಪುಸ್ತಕ, ರಸೀದಿಯನ್ನು ಯಾವಾಗ ಬೇಕಾದರೂ ಕೇಳಿ ನೋಡುವ ಅಧಿಕಾರ ಅವರಿಗಿದೆ. ಕಾವಲುಗಾರನನ್ನು ನೇಮಿಸುವುದು ಹೊಲದ ಒಡೆಯನ ಕೆಲಸ. ಅದಕ್ಕೇ ಕಾನೂನು ಈ ನೇಮಕವನ್ನು ಮಹಾಸಭೆಯ ಕೈಗೆ ಕೊಟ್ಟಿದೆ.

ನೇಮಕದ ಕ್ರಮ

ಮೊದಲ ಆಡಿಟರು: ಕಂಪನಿ ನೋಂದಣಿಯಾದ 30 ದಿನದೊಳಗೆ ಆಡಳಿತ ಮಂಡಳಿಯೇ ಇವರನ್ನು ನೇಮಿಸಬೇಕು. ಮಂಡಳಿ ನೇಮಿಸದಿದ್ದರೆ ಸದಸ್ಯರಿಗೆ ತಿಳಿಸಬೇಕು. ಆಗ ಸದಸ್ಯರು 90 ದಿನದೊಳಗೆ ವಿಶೇಷ ಮಹಾಸಭೆ ಸೇರಿ ನೇಮಿಸುತ್ತಾರೆ. ಈ ಮೊದಲ ಆಡಿಟರ ಅವಧಿ ಮೊದಲ ವಾರ್ಷಿಕ ಮಹಾಸಭೆ ಮುಗಿಯುವವರೆಗೆ ಮಾತ್ರ.

ಐದು ವರ್ಷದ ಆಡಿಟರು: ಮೊದಲ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ನೇಮಿಸುವ ಆಡಿಟರು ಆರನೆಯ ಮಹಾಸಭೆ ಮುಗಿಯುವವರೆಗೆ ಇರುತ್ತಾರೆ. ರೈತ ಕಂಪನಿಯ ಮೊದಲ ಮಹಾಸಭೆ ನೋಂದಣಿಯಾದ 90 ದಿನದೊಳಗೆ ನಡೆಯಬೇಕು. ಅಂದರೆ ಕಂಪನಿ ಇನ್ನೂ ಮೊಳಕೆಯಲ್ಲಿರುವಾಗಲೇ ಐದು ವರ್ಷದ ಕಾವಲುಗಾರನನ್ನು ನೀವು ಆರಿಸಿಬಿಡುತ್ತೀರಿ. ಹಿಂದೆ ಪ್ರತಿ ವರ್ಷವೂ ಮಹಾಸಭೆ ಈ ನೇಮಕವನ್ನು ಅನುಮೋದಿಸಬೇಕಿತ್ತು. 2018ರ ಮೇ 7ರಿಂದ ಆ ನಿಯಮ ತೆಗೆದುಹಾಕಲಾಗಿದೆ. ಹಾಗಾಗಿ ಆರಿಸುವ ದಿನದ ಎಚ್ಚರಿಕೆಯೇ ಮುಖ್ಯ.

ನೇಮಕಕ್ಕೆ ಮುನ್ನ ಆಡಿಟರಿಂದ ಲಿಖಿತ ಒಪ್ಪಿಗೆ ಮತ್ತು ‘ನಾನು ಅರ್ಹನಿದ್ದೇನೆ’ ಎಂಬ ಪ್ರಮಾಣಪತ್ರ ಪಡೆಯತಕ್ಕದ್ದು. ಸಭೆಯಾದ 15 ದಿನದೊಳಗೆ ಎ.ಡಿ.ಟಿ.-1 ಎಂಬ ನಮೂನೆಯಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸತಕ್ಕದ್ದು.

ನಡುವೆ ಸ್ಥಾನ ತೆರವಾದರೆ: ಮಂಡಳಿ 30 ದಿನದೊಳಗೆ ಬೇರೆಯವರನ್ನು ನೇಮಿಸಬೇಕು. ಆಡಿಟರು ರಾಜೀನಾಮೆ ಕೊಟ್ಟು ತೆರವಾಗಿದ್ದರೆ, ಮಂಡಳಿಯ ಶಿಫಾರಸಾದ ಮೂರು ತಿಂಗಳೊಳಗೆ ಮಹಾಸಭೆಯ ಒಪ್ಪಿಗೆಯೂ ಬೇಕು. ರಾಜೀನಾಮೆ ಕೊಟ್ಟವರು 30 ದಿನದೊಳಗೆ ಕಾರಣ ಬರೆದು ಕಂಪನಿಗೂ ರಿಜಿಸ್ಟ್ರಾರರಿಗೂ ಕಳಿಸಬೇಕು. ಆ ಕಾರಣವನ್ನು ಸಭೆಯಲ್ಲಿ ಕೇಳಿ ತಿಳಿಯಿರಿ. ಒಳ್ಳೆಯ ಆಡಿಟರು ಸುಮ್ಮನೆ ಬಿಟ್ಟುಹೋಗುವುದು ಅಪರೂಪ.

ಯಾರು ಆಗಬಾರದು?

ಆಡಿಟರಾಗಲು ಚಾರ್ಟರ್ಡ್ ಅಕೌಂಟೆಂಟೇ ಆಗಿರಬೇಕು. ಲೆಕ್ಕ ಬಲ್ಲ ಮೇಷ್ಟರು, ಬ್ಯಾಂಕಿನ ನಿವೃತ್ತ ಮ್ಯಾನೇಜರು ಎಷ್ಟೇ ಪ್ರಾಮಾಣಿಕರಾದರೂ ಆಗುವಂತಿಲ್ಲ. ಚಾರ್ಟರ್ಡ್ ಅಕೌಂಟೆಂಟರಲ್ಲೂ ಇವರು ಸಲ್ಲುವುದಿಲ್ಲ:

1. ಕಂಪನಿಯ ಅಧಿಕಾರಿ ಅಥವಾ ನೌಕರರು. ಅವರ ಪಾಲುದಾರರು ಅಥವಾ ಅವರ ಬಳಿ ಕೆಲಸಕ್ಕಿರುವವರು.

2. ಕಂಪನಿಯ ನಿರ್ದೇಶಕರ ಹತ್ತಿರದ ಸಂಬಂಧಿಕರು.

3. ಕಂಪನಿಯಲ್ಲಿ ಷೇರು ಇರುವವರು.

4. ಕಂಪನಿಗೆ 5 ಲಕ್ಷ ರೂಪಾಯಿಗೂ ಮೀರಿ ಸಾಲ ಉಳಿಸಿಕೊಂಡವರು.

5. ಕಂಪನಿಯೊಡನೆ ವ್ಯಾಪಾರ ಸಂಬಂಧ ಇಟ್ಟುಕೊಂಡವರು.

ಇಷ್ಟೇ ಅಲ್ಲ. ಆಡಿಟ್ ಮಾಡುವವರು ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ. ನಾನು ಸಮ್ಮತಿಸಿದ ತಪ್ಪು ಇದೇ. ತಾನೇ ಬರೆದ ಲೆಕ್ಕದಲ್ಲಿ ತಪ್ಪು ಹುಡುಕುವವರು ಯಾರಿದ್ದಾರೆ? ಬೇಲಿಯೇ ಎದ್ದು ಹೊಲ ಮೇಯುವ ಮಾತಾಯಿತು. ರೈತ ಕಂಪನಿಯಲ್ಲಿ ಆಂತರಿಕ ಲೆಕ್ಕ ಪರಿಶೋಧನೆಯೂ ಕಡ್ಡಾಯ. ಅದನ್ನೂ ಚಾರ್ಟರ್ಡ್ ಅಕೌಂಟೆಂಟರೇ ಮಾಡಬೇಕು. ಆದರೆ ಕಂಪನಿಯ ಆಡಿಟರು ಆ ಕೆಲಸ ಒಪ್ಪಿಕೊಳ್ಳುವಂತಿಲ್ಲ, ಬೇರೆಯವರೇ ಬೇಕು.

ಸಂಭಾವನೆಯ ಮಾತು

ಮೊದಲ ಆಡಿಟರ ಸಂಭಾವನೆಯನ್ನು ಮಂಡಳಿ ನಿಗದಿ ಮಾಡಬಹುದು. ಆಮೇಲಿನವರ ಸಂಭಾವನೆಯನ್ನು ಮಹಾಸಭೆ ನಿಗದಿ ಮಾಡಬೇಕು, ಇಲ್ಲವೇ ಅದನ್ನು ಹೇಗೆ ನಿಗದಿ ಮಾಡಬೇಕೆಂದು ಮಹಾಸಭೆ ಹೇಳಬೇಕು. ಬಹಳ ಕಡೆ ‘ಮಂಡಳಿ ಮತ್ತು ಆಡಿಟರು ಮಾತಾಡಿಕೊಂಡಂತೆ’ ಎಂದು ನಿರ್ಣಯ ಬರೆಯುತ್ತಾರೆ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ‘ಇಷ್ಟು ರೂಪಾಯಿ ಮೀರದಂತೆ’ ಎಂಬ ಮಿತಿ ಸೇರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಹೋಗಿಬರುವ ಖರ್ಚು ಮತ್ತು ಕಂಪನಿ ಒದಗಿಸುವ ಸೌಕರ್ಯ ಕೂಡ ಸಂಭಾವನೆಯ ಲೆಕ್ಕಕ್ಕೇ ಸೇರುತ್ತವೆ. ಆಡಿಟ್ ಬಿಟ್ಟು ಕಂಪನಿ ಕೇಳಿ ಮಾಡಿಸಿದ ಬೇರೆ ಕೆಲಸದ ಹಣ ಅದಕ್ಕೆ ಸೇರುವುದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಓದಿ ಹೇಳಲು ಕೇಳಿ.

‘ಲಾಭದಲ್ಲಿ ನೂರಕ್ಕೆ ಇಷ್ಟು’ ಎಂದು ಫೀಸು ಗೊತ್ತುಮಾಡಿದರೆ ಒಪ್ಪಬೇಡಿ. ಕಂಪನಿ ಆಡಿಟಿಗೆ ಹಾಗೆ ಫೀಸು ಪಡೆಯುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ. ಲಾಭ ಹೆಚ್ಚು ತೋರಿಸಿದಷ್ಟೂ ಫೀಸು ಹೆಚ್ಚುವುದಾದರೆ ಲೆಕ್ಕ ನೆಟ್ಟಗಿರುವುದು ಹೇಗೆ?

ಫೀಸು ಬಾಕಿ ಇಟ್ಟು ಆಡಿಟರನ್ನು ಬದಲಾಯಿಸುವ ಉಪಾಯವೂ ನಡೆಯದು. ತಕರಾರಿಲ್ಲದ ಹಳೆಯ ಫೀಸು ಬಾಕಿ ಇದ್ದರೆ ಹೊಸ ಆಡಿಟರು ನೇಮಕ ಒಪ್ಪಿಕೊಳ್ಳಬಾರದೆಂದು ಅವರ ಸಂಸ್ಥೆಯ ಕಟ್ಟಳೆ ಇದೆ. ಆಡಿಟಾಗದೆ ವಾರ್ಷಿಕ ಲೆಕ್ಕಪತ್ರ ಸಲ್ಲಿಸಲಾಗುವುದಿಲ್ಲ. ತಡವಾದರೆ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಪಟ್ಟಿ ಎರಡಕ್ಕೂ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಸೇರಿ 180 ದಿನ ತಡವಾದರೆ 36,000 ರೂಪಾಯಿ! ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಆಡಿಟಿನ ಖರ್ಚು ಉಳಿಸಲು ಹೋಗಿ ಕಂಪನಿಯನ್ನೇ ಕಳೆದುಕೊಳ್ಳಬಾರದು.

ತೆಗೆಯುವುದು ಸುಲಭವಲ್ಲ

ನಿಷ್ಠುರವಾಗಿ ವರದಿ ಬರೆದ ಆಡಿಟರನ್ನು ಮಂಡಳಿ ಇಷ್ಟಬಂದಂತೆ ಕಳಿಸುವಂತಿಲ್ಲ. ಅವಧಿಗೆ ಮುನ್ನ ತೆಗೆಯಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಆಮೇಲೆ ಮಹಾಸಭೆಯಲ್ಲಿ ವಿಶೇಷ ನಿರ್ಣಯವಾಗಬೇಕು, ಅಂದರೆ ವಿರೋಧದ ಮತಗಳ ಮೂರು ಪಟ್ಟಿಗೆ ಕಡಿಮೆಯಿಲ್ಲದಷ್ಟು ಮತ ಪರವಾಗಿ ಬೀಳಬೇಕು. ಆಡಿಟರಿಗೆ ತಮ್ಮ ಮಾತು ಹೇಳಿಕೊಳ್ಳುವ ಅವಕಾಶವನ್ನೂ ಕೊಡಬೇಕು.

ವರದಿಯಲ್ಲಿ ಏನು ನೋಡಬೇಕು?

ರೈತ ಕಂಪನಿಯ ಆಡಿಟರು ಬೇರೆ ಕಂಪನಿಗಳಿಗಿಂತ ಹೆಚ್ಚಿನ ಕೆಲವು ವಿಷಯ ವರದಿ ಮಾಡಬೇಕೆಂದು ಕಾಯ್ದೆ ಹೇಳುತ್ತದೆ: ಬರಬೇಕಾದ ಬಾಕಿ ಎಷ್ಟು, ಅದರಲ್ಲಿ ವಸೂಲಾಗದ್ದು ಯಾವುದು, ಕೈಯಲ್ಲಿರುವ ನಗದು ಎಣಿಸಿ ನೋಡಿದ್ದಾರೆಯೇ, ಆಸ್ತಿ ಮತ್ತು ಹೊಣೆಗಳ ವಿವರ, ಕಾಯ್ದೆಗೆ ವಿರುದ್ಧವಾಗಿ ಕಂಡ ವ್ಯವಹಾರಗಳು, ನಿರ್ದೇಶಕರಿಗೆ ಕೊಟ್ಟ ಸಾಲ, ಕೊಟ್ಟ ದೇಣಿಗೆಗಳು. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಕರಿಗೆ ಸಾಲ ಕೊಡಲು ಮಹಾಸಭೆಯ ಒಪ್ಪಿಗೆ ಮೊದಲೇ ಬೇಕೆಂಬುದೂ ತಿಳಿದಿರಲಿ. ನಮ್ಮ ಹೋಬಳಿಯ ಕಂಪನಿಯ ವರದಿಯಲ್ಲಿ ಈ ಪುಟವೇ ಇರಲಿಲ್ಲ, ನಾವು ಯಾರೂ ಕೇಳಲೂ ಇಲ್ಲ.

ಈ ಸಲ ಸಭೆಗೆ ಹೋಗುವಾಗ

* ನೋಟೀಸು ಕನಿಷ್ಠ 14 ದಿನ ಮೊದಲು ಕೈಸೇರಬೇಕು. ಅದರ ಜೊತೆ ಹಿಂದಿನ ಸಭೆಯ ನಡಾವಳಿ, ಆಡಿಟಾದ ಜಮಾಖರ್ಚು ಮತ್ತು ಆಡಿಟರ ನೇಮಕವಿದ್ದರೆ ಅದರ ಕರಡು ನಿರ್ಣಯ ಇರಬೇಕು. ಇಲ್ಲದಿದ್ದರೆ ಬರೆದು ಕೇಳಿ.

* ತಪ್ಪದೆ ಹೋಗಿ. ನಿಯಮಾವಳಿಯಲ್ಲಿ ಇನ್ನೂ ಹೆಚ್ಚು ಹೇಳಿರದಿದ್ದರೆ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ ಕೋರಂ. 500 ಸದಸ್ಯರಿದ್ದರೆ 125 ಮಂದಿ ಕೂತಿರಬೇಕು.

* ಆಡಿಟರಾಗಲಿ, ಅವರ ಅರ್ಹ ಪ್ರತಿನಿಧಿಯಾಗಲಿ ಸಭೆಗೆ ಬಂದಿದ್ದಾರೆಯೇ ನೋಡಿ. ಕಂಪನಿ ವಿನಾಯಿತಿ ಕೊಟ್ಟಿರದಿದ್ದರೆ ಅವರು ಬರಲೇಬೇಕು.

* ಆಡಿಟರು ಮಂಡಳಿಯ ಯಾರಿಗಾದರೂ ಸಂಬಂಧಿಯೇ, ಲೆಕ್ಕ ಬರೆಯುವವರು ಯಾರು ಎಂದು ಕೇಳಿ.

* ವರದಿಯ ಸಹಿಯ ಬಳಿ ಯು.ಡಿ.ಐ.ಎನ್. ಎಂಬ 18 ಅಂಕಿ-ಅಕ್ಷರಗಳ ಸಂಖ್ಯೆ ಇರುತ್ತದೆ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ತಾಣದಲ್ಲಿ ಇದನ್ನು ಹಾಕಿ ಸಹಿ ಅಸಲಿಯೇ ಎಂದು ನೋಡಬಹುದು. ಮೊಬೈಲು ಬಲ್ಲ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ.

ಇಂಥ ಪ್ರಶ್ನೆ ಕೇಳಿದರೆ ಅಧ್ಯಕ್ಷರು ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ. ಅಧ್ಯಕ್ಷರೂ ನಿಮ್ಮಂತೆ ರೈತರೇ. ಲೆಕ್ಕ ನೆಟ್ಟಗಿದ್ದರೆ ಮೊದಲು ನೆಮ್ಮದಿ ಅವರಿಗೇ. ರೈತ ಕಂಪನಿಯಲ್ಲಿ ಹತ್ತೆಕರೆಯವರಿಗೂ ಹತ್ತು ಗುಂಟೆಯವರಿಗೂ ಸಾಮಾನ್ಯವಾಗಿ ಒಂದೇ ಮತ. ಬೀಜ ಕೊಳ್ಳುವಾಗ ಅಂಗೈಯಲ್ಲಿ ಹಾಕಿ ಜೊಳ್ಳು ನೋಡುವ ನೀವು, ಆ ಮತಕ್ಕೆ ಕೈ ಎತ್ತುವ ಮುನ್ನವೂ ಒಮ್ಮೆ ನೋಟೀಸು ಓದಿ. ಓದಲು ಬಾರದ ನೆರೆಯವರಿಗೆ ವಾಚನಾಲಯದಲ್ಲಿ ಕೂರಿಸಿ ಓದಿ ಹೇಳಿ.