ಸೊಲ್ಲಿಗೆ ಸೊಲ್ಲು ಕೂಡಿಸಿ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಮನೆಗೂ ಮನೆಗೂ ನಡುವೆ ಗುಡ್ಡವೋ ಅಡಿಕೆಯ ತೋಟವೋ ಅಡ್ಡವಾಗಿದ್ದು, ಮಳೆಗಾಲವಿಡೀ ಹಳ್ಳಕೊಳ್ಳಗಳು ದಾರಿ ಕಟ್ಟಿಬಿಡುತ್ತಿದ್ದ ಕಾಲದಲ್ಲಿ, ಸಂಗೀತಾಸಕ್ತ ಬಾಲಕನಿಗೆ ಗುರುವು ಸಮೀಪದಲ್ಲಿ ದೊರೆಯುತ್ತಿದ್ದುದು ವಿರಳ. ಆದರೂ ಈ ನೆಲದಲ್ಲಿ ಕಂಠಸಿರಿಗೆ ಬರ ಬರಲಿಲ್ಲ. ಇಲ್ಲಿ ಹಾಡೆಂಬುದು ಪಾಠವಾಗುವುದಕ್ಕೆ ಮುನ್ನ ಎಲ್ಲರೂ ಕೂಡಿ ಮಾಡುವ ಕೆಲಸವಾಗಿತ್ತು. ಅದರಲ್ಲಿ ಮಕ್ಕಳಿಗೂ ಒಂದು ಪಾಲಿತ್ತು.

ದೀಪಾವಳಿಯ ಇರುಳುಗಳಲ್ಲಿ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಊರ ದೇವರ ಸನ್ನಿಧಿಯಲ್ಲಿ ಹೊತ್ತಿಸಿದ ದೀಪವನ್ನು ಗಾಳಿಗೆ ಆರದಂತೆ ಕಾಪಾಡಿಕೊಂಡು, ಕತ್ತಲೆಯಲ್ಲಿ ಗದ್ದೆಯ ಅಂಚು ಹಿಡಿದು ನಡೆದು ಬರುವ ಆ ತಂಡದಲ್ಲಿ, ಮುಂದಿನವರು ಒಂದು ಸೊಲ್ಲನ್ನು ಎತ್ತಿಕೊಟ್ಟೊಡನೆ ಹಿಂದಿನವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ ಕಾಯಿಗಳನ್ನಿತ್ತು ಕಳುಹುವರು. ಹಿಂದೆ ನಿಂತ ಹುಡುಗನಿಗೆ ಪದವೆಲ್ಲವೂ ಬರಬೇಕೆಂಬ ನಿಯಮವಿಲ್ಲ. ಕೇಳಿದ ಸೊಲ್ಲನ್ನು ಮರಳಿಸಿದರೆ ಸಾಕು. ತಪ್ಪಿದರೆ ಹತ್ತು ದನಿಗಳು ಅವನ ದನಿಯನ್ನು ತಮ್ಮೊಳಗೆ ಸೇರಿಸಿಕೊಳ್ಳುವುವು. ಹಲವು ದೀಪಾವಳಿಗಳು ಕಳೆಯುವಷ್ಟರಲ್ಲಿ ಸೊಲ್ಲೆತ್ತುವ ಸರದಿ ಅವನದಾಗುತ್ತದೆ.

ಹೆಣ್ಣುಮಕ್ಕಳ ಶಿಕ್ಷಣವು ಮನೆಯೊಳಗೇ ನಡೆಯುತ್ತಿತ್ತು. ಹವ್ಯಕರ ಮದುವೆಗಳಲ್ಲಿ ಹಸೆಗೆ ಕರೆಯುವಾಗ, ಆರತಿಯೆತ್ತುವಾಗ, ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡುಂಟು. ಅಜ್ಜಿ, ಅತ್ತೆಯಂದಿರ ಪಕ್ಕದಲ್ಲಿ ಕುಳಿತು ದನಿಗೂಡಿಸಿದ ಹುಡುಗಿ, ಮುಂದೆ ಅವನ್ನು ತನ್ನ ಹಾಡಿನ ಪುಸ್ತಕಕ್ಕೆ ಬರೆದುಕೊಂಡು ಗಂಡನ ಮನೆಗೂ ಒಯ್ಯುವಳು.

ಶಾಸ್ತ್ರೀಯ ಪರಂಪರೆಯೂ ಇಲ್ಲಿ ಅಪರಿಚಿತವಲ್ಲ. ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಭಾಗದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ಸಂಗೀತ ನೃತ್ಯಗಳಿಗೂ ಸ್ಥಾನವಿದೆ. ಆತನ ರಾಜಧಾನಿ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಅದೇ ನಗರದಲ್ಲಿ 1938ರಲ್ಲಿ ಜನಿಸಿದ ಜಿ. ಸುಬ್ರಹ್ಮಣ್ಯರನ್ನು ನಾಡು ಬಲ್ಲುದು ಶಿವಮೊಗ್ಗ ಸುಬ್ಬಣ್ಣ ಎಂಬ ಹೆಸರಿನಿಂದ. ಸಂಗೀತಜ್ಞರಾಗಿದ್ದ ತಾತನ ನೆರಳಿನಲ್ಲಿ, ಮನೆಯಲ್ಲೇ ಸ್ವರವನ್ನು ಕೇಳಿ ಬೆಳೆದ ಅವರು ವಕೀಲಿ ವೃತ್ತಿಯನ್ನು ಹಿಡಿದರೂ ಹಾಡನ್ನು ಬಿಡಲಿಲ್ಲ. ‘ಕಾಡು ಕುದುರೆ’ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಪ್ರಥಮ ಕನ್ನಡ ಹಿನ್ನೆಲೆ ಗಾಯಕರಾದರು. ನೆರೆಯ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕವಿತೆಗಳನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಅವರ ಕಂಠವು ಓದುಬಾರದವರ ಕಿವಿಗೂ ಮುಟ್ಟಿಸಿತು. 2022ರಲ್ಲಿ ಅವರು ತೀರಿಕೊಂಡರು.

ಎಲ್ಲ ಮಕ್ಕಳೂ ಸುಬ್ಬಣ್ಣನವರಾಗಲಾರರು, ಆಗಬೇಕಾಗಿಯೂ ಇಲ್ಲ. ಈಗ ಮೊಬೈಲಿನಲ್ಲಿ ಲೋಕದ ಸಂಗೀತವೆಲ್ಲ ಬೆರಳ ತುದಿಗೆ ಬಂದಿರುವುದು ಭಾಗ್ಯವೇ ಸರಿ. ಆದರೆ ಯಂತ್ರವು ಹಾಡನ್ನು ಕೇಳಿಸೀತೇ ಹೊರತು, ಮಗುವಿನ ಅಳುಕಿದ ದನಿಯನ್ನು ತನ್ನ ದನಿಯೊಡನೆ ಬೆರೆಸಿಕೊಂಡು ಧೈರ್ಯ ಕೊಡಲಾರದು. ಆದುದರಿಂದ ಹಾಡುವ ಆಸೆಯುಳ್ಳ ಮಗುವನ್ನು ಸ್ಪರ್ಧೆಯ ವೇದಿಕೆಗೆ ಒಬ್ಬಂಟಿಯಾಗಿ ಹತ್ತಿಸುವುದಕ್ಕೆ ಮೊದಲು, ಭಜನೆಯಲ್ಲೋ ಹಬ್ಬದ ಮೇಳದಲ್ಲೋ ಹಿರಿಯರ ಹಿಂದಿನ ಸಾಲಿನಲ್ಲಿ ಒಂದು ಜಾಗ ಕೊಡೋಣ. ಸೊಲ್ಲೆತ್ತುವ ಕಾಲ ತಾನಾಗಿಯೇ ಬರುತ್ತದೆ.